ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ನಿಮ್ಮ ಮುಖ: ಕೆಲಸದ ಪ್ರೊಫೈಲ್ ಫೋಟೊ ತೆಗೆಯುವ ಬಗೆ

ಕೆಲಸಕ್ಕೆ ಅರ್ಜಿ ಹಾಕಿದ್ದೀರಿ. ಆ ಕಡೆ ಕೂತವರು ನಿಮ್ಮ ಲಿಂಕ್ಡ್‌ಇನ್ ಪುಟ ತೆರೆಯುವ ಮೊದಲೇ, ಹೆಸರಿನ ಪಕ್ಕ ಒಂದು ಪುಟ್ಟ ವೃತ್ತ ಅವರ ಕಣ್ಣಿಗೆ ಬೀಳುತ್ತದೆ. ಮೊಬೈಲ್‌ನಲ್ಲಿ ಅದು ಹೆಬ್ಬೆರಳ ಉಗುರಿನಷ್ಟೇ ದೊಡ್ಡದು. ಇಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಆನ್‌ಲೈನ್ ಮೀಟಿಂಗ್‌ನಲ್ಲಿ ಕ್ಯಾಮೆರಾ ಆಫ್ ಮಾಡಿದಾಗ ನಿಮ್ಮ ಬದಲಿಗೆ ಕೂರುವುದೂ ಅದೇ ವೃತ್ತ.

ಆ ವೃತ್ತದಲ್ಲಿ ನಮ್ಮಲ್ಲಿ ಹೆಚ್ಚಾಗಿ ಸಿಗುವುದು ಮೂರು ಬಗೆಯ ಫೋಟೊ. ಯಾರದೋ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿ ತೆಗೆದ ಮುಖ, ಪಕ್ಕದವರ ಅರ್ಧ ಭುಜದ ಸಮೇತ. ಬ್ಯಾಂಕ್ ಖಾತೆಗೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜ್ ಫೋಟೊದ ಸ್ಕ್ಯಾನ್. ಇಲ್ಲವೇ ಕೈ ಚಾಚಿ ತೆಗೆದ ಸೆಲ್ಫಿ. ಮೂರೂ ಕೆಡುವುದು ಬೇರೆ ಬೇರೆ ಕಾರಣಕ್ಕೆ. ಮೊದಲನೆಯದರಲ್ಲಿ ಮುಖಕ್ಕೆ ಸಿಕ್ಕ ಪಿಕ್ಸೆಲ್ ಸಾಲದು. ಎರಡನೆಯದು ಗುರುತಿನ ಚೀಟಿಗಾಗಿ ಮಾಡಿದ್ದು, ಮುಖದಲ್ಲಿ ಯಾವ ಭಾವವೂ ಇರಬಾರದು ಎಂಬುದೇ ಅದರ ನಿಯಮ. ಮೂರನೆಯದರಲ್ಲಿ ಕ್ಯಾಮೆರಾ ತೀರ ಹತ್ತಿರ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜನೀನ್ ವಿಲ್ಲಿಸ್ ಮತ್ತು ಅಲೆಕ್ಸಾಂಡರ್ ಟೊಡೊರೊವ್ 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅಪರಿಚಿತರ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ತೋರಿಸಿದರೂ ಸಾಕು, ಇವರನ್ನು ನಂಬಬಹುದೇ, ಇವರು ಸಮರ್ಥರೇ ಎಂದು ನೋಡಿದವರು ತೀರ್ಮಾನಕ್ಕೆ ಬಂದುಬಿಡುತ್ತಿದ್ದರು. ಇನ್ನಷ್ಟು ಹೊತ್ತು ನೋಡಲು ಬಿಟ್ಟಾಗ ತೀರ್ಮಾನ ಅಷ್ಟಾಗಿ ಬದಲಾಗಲಿಲ್ಲ, ಅದರ ಮೇಲಿನ ವಿಶ್ವಾಸ ಮಾತ್ರ ಬಲವಾಯಿತು. ಆ ತೀರ್ಮಾನ ಸರಿ ಎಂದು ಇದರರ್ಥವಲ್ಲ. ಕೆಟ್ಟ ಬೆಳಕು, ತಪ್ಪು ದೂರ ನಿಮ್ಮ ಬಗ್ಗೆ ಸುಳ್ಳು ಹೇಳಿದರೆ ಅದನ್ನು ತಿದ್ದುವ ಅವಕಾಶ ನಿಮಗೆ ಸಿಗುವುದಿಲ್ಲ ಎಂದರ್ಥ.

ಆದ್ದರಿಂದ ಕೆಲಸದ ಫೋಟೊಗೆ ಒಂದೇ ಪರೀಕ್ಷೆ ಇಟ್ಟುಕೊಳ್ಳಿ. ನಿಮ್ಮನ್ನು ಎಂದೂ ನೋಡದ ಒಬ್ಬರು ಆ ಪುಟ್ಟ ವೃತ್ತವನ್ನಷ್ಟೇ ನೋಡಿ, ನಾಳೆ ಕಚೇರಿಯ ಬಾಗಿಲಲ್ಲಿ ಬಂದು ನಿಂತ ನಿಮ್ಮನ್ನು ತಟ್ಟನೆ ಗುರುತು ಹಿಡಿಯಬೇಕು. ಚೆಂದ ಕಾಣುವುದು ಅದರ ನಂತರದ ಮಾತು. ಕೆಳಗೆ ಹೇಳುವ ಅಳತೆಗಳೆಲ್ಲ ಈ ಪರೀಕ್ಷೆಯಿಂದಲೇ ಹುಟ್ಟಿದವು, ಇವುಗಳಲ್ಲಿ ಮುಕ್ಕಾಲು ಪಾಲಿಗೆ ದುಬಾರಿ ಕ್ಯಾಮೆರಾ ಬೇಕಿಲ್ಲ.

ಮುಖದ ಆಕಾರ ನಿರ್ಧಾರವಾಗುವುದು ದೂರದಿಂದ

ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂ.ಮೀ. ಎಂದಿಟ್ಟುಕೊಳ್ಳಿ. ಸೆಲ್ಫಿ ತೆಗೆಯುವಾಗ ಫೋನ್ ಮೂಗಿನಿಂದ 30 ಸೆಂ.ಮೀ. ದೂರ ಇದ್ದರೆ, ಕಿವಿ ಫೋನ್‌ನಿಂದ 42 ಸೆಂ.ಮೀ. ದೂರ ಇರುತ್ತದೆ. ಹತ್ತಿರದ್ದು ದೊಡ್ಡದಾಗಿ, ದೂರದ್ದು ಚಿಕ್ಕದಾಗಿ ಕಾಣುವ ಲೆಕ್ಕದಲ್ಲಿ ಮೂಗು ಕಿವಿಗಿಂತ ಶೇ. 40ರಷ್ಟು ಹಿಗ್ಗಿ ಮೂಡುತ್ತದೆ. ಅದೇ ಕ್ಯಾಮೆರಾವನ್ನು ಮೂಗಿನಿಂದ 150 ಸೆಂ.ಮೀ. ದೂರಕ್ಕೆ ಒಯ್ದರೆ ಆ ವ್ಯತ್ಯಾಸ ಶೇ. 8ಕ್ಕೆ ಇಳಿಯುತ್ತದೆ. ಸೆಲ್ಫಿಯಲ್ಲಿ ಹಣೆ ಮೂಗು ಮುಂದಕ್ಕೆ ಬಂದು, ಕಿವಿಗಳು ಹಿಂದೆ ಅಡಗಿ, ಮುಖ ಮಾವಿನ ಓಟೆಯ ಹಾಗೆ ಉದ್ದವಾಗುವುದು ಇದೇ ಕಾರಣಕ್ಕೆ. ನಿಮ್ಮ ಮುಖದಲ್ಲಿ ಏನೂ ದೋಷವಿಲ್ಲ.

ಐದರಿಂದ ಆರೂವರೆ ಅಡಿ, ಅಂದರೆ ಒಂದೂವರೆಯಿಂದ ಎರಡು ಮೀಟರ್: ಇದು ಸರಿಯಾದ ದೂರ. ಇಬ್ಬರು ಎದುರುಬದುರು ನಿಂತು ಮಾತಾಡುವಾಗ ಇರುವ ದೂರವೂ ಸುಮಾರು ಇಷ್ಟೇ. ನಮ್ಮನ್ನು ಜನ ನೆನಪಿಟ್ಟುಕೊಳ್ಳುವುದು ಈ ದೂರದಿಂದ ಕಂಡ ಹಾಗೆ. ಹತ್ತು ಹನ್ನೆರಡು ಅಡಿ ಆಚೆಯಿಂದ ದೊಡ್ಡ ಲೆನ್ಸ್‌ನಲ್ಲಿ ಎಳೆದು ತೆಗೆದರೆ ಮುಖ ಚಪ್ಪಟೆಯಾಗತೊಡಗುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಹಬ್ಬಿದೆ: 85 ಮಿ.ಮೀ. ಲೆನ್ಸ್ ಹಾಕಿದರೆ ಮುಖ ಚೆನ್ನಾಗಿ ಬರುತ್ತದೆ ಎಂಬುದು. ಲೆನ್ಸ್ ಮುಖದ ಆಕಾರ ಬದಲಿಸುವುದಿಲ್ಲ. ಐದಾರು ಅಡಿ ದೂರದಲ್ಲಿ ನಿಂತಾಗ ತಲೆ ಮತ್ತು ಭುಜ ಚೌಕಟ್ಟನ್ನು ತುಂಬುವಂತೆ ಮಾಡುವುದಷ್ಟೇ ಅದರ ಕೆಲಸ. ದೊಡ್ಡ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಭಾಗ) ಇರುವ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ., ಚಿಕ್ಕ ಸೆನ್ಸರ್‌ನ ಕ್ಯಾಮೆರಾದಲ್ಲಿ ಎಲ್ಲರಿಗೂ ಕೈಗೆಟಕುವ 50 ಮಿ.ಮೀ. ಆ ಕೆಲಸಕ್ಕೆ ಹೊಂದುತ್ತವೆ. ಫೋನ್‌ನಲ್ಲಿ 2ಎಕ್ಸ್ ಅಥವಾ 3ಎಕ್ಸ್ ಒತ್ತಿ.

ನಿಮ್ಮ ಫೋನ್‌ನಲ್ಲಿ ಜೂಮ್ ಲೆನ್ಸ್ ಇಲ್ಲವೇ? ಚಿಂತೆ ಬೇಡ. ಸಾಮಾನ್ಯ ಫೋನ್‌ನ ಹಿಂದಿನ ಮುಖ್ಯ ಕ್ಯಾಮೆರಾ ಐದು ಅಡಿ ದೂರದಿಂದ, ಫೋನ್ ನೆಟ್ಟಗೆ ಹಿಡಿದಾಗ, ಅಡ್ಡಕ್ಕೆ ಸುಮಾರು 1.4 ಮೀಟರ್ ಅಗಲ ತುಂಬಿಕೊಳ್ಳುತ್ತದೆ. 12 ಮೆಗಾಪಿಕ್ಸೆಲ್ ಫೋಟೊದಲ್ಲಿ ಆ ಅಗಲಕ್ಕೆ 3000 ಪಿಕ್ಸೆಲ್ ಇರುತ್ತವೆ. ಅದರಿಂದ ತಲೆ, ಭುಜ ಸೇರಿ 60 ಸೆಂ.ಮೀ. ಚೌಕ ಕತ್ತರಿಸಿಕೊಂಡರೂ 1300 ಪಿಕ್ಸೆಲ್‌ನಷ್ಟು ಉಳಿಯುತ್ತದೆ. ಲಿಂಕ್ಡ್‌ಇನ್ ಕೇಳುವುದು 400. ಅಂದಮೇಲೆ ಹಿಂದೆ ಸರಿಯಲು ಹೆದರಬೇಡಿ, ಕತ್ತರಿಸುವುದು ಆಮೇಲೆ.

ಮುಂದಿನ ಕ್ಯಾಮೆರಾ ಬಳಸಬಾರದು ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ಹಲವು ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಯೇ ಉಳಿಸುತ್ತವೆ. ಎಡ ಹೆಗಲ ಮೇಲಿನ ಸೆರಗು ಬಲಕ್ಕೆ ಹೋಗಿರುತ್ತದೆ, ಶರ್ಟಿನ ಜೇಬು ಬಲ ಎದೆಗೆ ಬಂದಿರುತ್ತದೆ, ಮೂಗುತಿ ಪಕ್ಕ ಬದಲಿಸಿರುತ್ತದೆ. ಬೈತಲೆ ಯಾವ ಕಡೆ ಎಂಬುದೂ ಉಲ್ಟಾ. ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನೆಂದು ಹೇಳಲು ಬರುವುದಿಲ್ಲ. ಫೋನನ್ನು ಸ್ಟ್ಯಾಂಡ್ ಮೇಲೋ ಪುಸ್ತಕಗಳ ರಾಶಿಯ ಮೇಲೋ ನಿಮ್ಮ ಕಣ್ಣಿನ ಮಟ್ಟಕ್ಕೆ, ಬೇಕಿದ್ದರೆ ಎರಡು ಬೆರಳು ಮೇಲಕ್ಕೆ ನಿಲ್ಲಿಸಿ, ಹಿಂದಿನ ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ, ಟೈಮರ್ ಹಾಕಿ. ಒರೆಸದ ಲೆನ್ಸ್ ಮೇಲಿನ ಬೆರಳಿನ ಜಿಡ್ಡು ಫೋಟೊ ಪೂರ್ತಿ ಮಂಜು ಹರಡುತ್ತದೆ. ಅನೇಕರು ಅದನ್ನು ಫೋನ್ ಹಳೆಯದಾಯಿತು ಎಂದುಕೊಳ್ಳುತ್ತಾರೆ.

ಕಿಟಕಿ, ಪಂಚೆ, ಥರ್ಮೋಕೋಲ್

ಬೆಳಕು ಮೆದುವೋ ಒರಟೋ ಎಂಬುದು ಬೆಳಕಿನ ಮೂಲ ಮುಖಕ್ಕೆ ಹೋಲಿಸಿದರೆ ಎಷ್ಟು ದೊಡ್ಡದು ಎನ್ನುವುದರ ಮೇಲೆ ನಿಂತಿದೆ. ಸೂರ್ಯ ದೊಡ್ಡವನೇ, ಆದರೆ ನಮಗೆ ಕಾಣುವುದು ಆಕಾಶದಲ್ಲಿ ಒಂದು ಚಿಕ್ಕ ಬಿಲ್ಲೆಯಾಗಿ. ಅದಕ್ಕೇ ನೇರ ಬಿಸಿಲಿನಲ್ಲಿ ಮೂಗಿನ ನೆರಳು ಚಾಕುವಿನಲ್ಲಿ ಕೊಯ್ದಂತೆ ಬೀಳುತ್ತದೆ. ನಾಲ್ಕು ಅಡಿ ಅಗಲದ ಕಿಟಕಿಯ ಪಕ್ಕ ಮೂರಡಿ ದೂರದಲ್ಲಿ ಕೂತರೆ ಬೆಳಕು ಮುಖವನ್ನು ಎಲ್ಲ ಕಡೆಯಿಂದ ಸವರಿಕೊಂಡು ಬರುತ್ತದೆ, ನೆರಳಿನ ಅಂಚು ಕರಗುತ್ತದೆ.

ಕಿಟಕಿಗೆ ಬೆನ್ನು ಹಾಕಬೇಡಿ. ಪೂರ್ತಿ ಎದುರಾಗಿಯೂ ಕೂರಬೇಡಿ, ಮುಖ ತಟ್ಟೆಯ ಹಾಗೆ ಚಪ್ಪಟೆಯಾಗುತ್ತದೆ. ಕಿಟಕಿ ನಿಮ್ಮ ಮುಂದೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿರಲಿ. ನೇರ ಬಿಸಿಲು ಒಳಗೆ ಬೀಳುತ್ತಿದ್ದರೆ ಬಿಳಿ ಪಂಚೆಯನ್ನು ಒಂದೇ ಪದರದಲ್ಲಿ ಕಿಟಕಿಗೆ ಕಟ್ಟಿ. ಪೂರ್ತಿ ಬಟ್ಟೆಯೇ ಬೆಳಗಿ ಅಷ್ಟಗಲದ ದೀಪವಾಗುತ್ತದೆ. ಅಂಚಿನ ಬಣ್ಣದ ಪಟ್ಟಿ ಕಿಟಕಿಯಿಂದ ಆಚೆ ಇರಲಿ. ಕಿಟಕಿಗೆ ಎದುರಿನ ಪಕ್ಕದಲ್ಲಿ, ಕೆನ್ನೆಯಿಂದ ಎರಡಡಿ ದೂರಕ್ಕೆ ಒಂದು ಬಿಳಿ ಥರ್ಮೋಕೋಲ್ ಹಾಳೆ ನಿಲ್ಲಿಸಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಈ ಹಾಳೆ ಸ್ಟುಡಿಯೊಗಳಲ್ಲೂ ರಿಫ್ಲೆಕ್ಟರ್ ಆಗಿ ದಶಕಗಳಿಂದ ದುಡಿಯುತ್ತಿದೆ. ಅದನ್ನು ಹತ್ತಿರ ತಂದಷ್ಟೂ ನೆರಳಿನ ಕೆನ್ನೆ ತಿಳಿಯಾಗುತ್ತದೆ, ದೂರ ಒಯ್ದಷ್ಟೂ ಗಾಢವಾಗುತ್ತದೆ. ನೆರಳನ್ನು ಪೂರ್ತಿ ಅಳಿಸಬೇಡಿ, ಮುಖಕ್ಕೆ ಉಬ್ಬುತಗ್ಗು ಕೊಡುವುದು ಅದೇ.

ಉತ್ತರ ದಿಕ್ಕಿನ ಕಿಟಕಿಯೇ ಉತ್ತಮ ಎನ್ನುವ ಮಾತನ್ನು ಎಲ್ಲೆಡೆ ಓದುತ್ತೀರಿ. ಅದು ಯುರೋಪಿನ ಚಿತ್ರಕಾರರ ಮಾತು. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರಿನಲ್ಲಿ ಹಾಗಲ್ಲ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ನೆತ್ತಿಯ ಮೇಲೆ ಬಂದು, ನಮ್ಮ ನೆರಳು ಕಾಲಡಿಗೆ ಸೇರುವ ದಿನ ದಾಟಿದ ಮೇಲೆ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ಆ ನಡುವಿನ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬೆಳಗ್ಗೆ ಸಂಜೆ ಓರೆ ಬಿಸಿಲು ಬಡಿಯುತ್ತದೆ. ಹಾಗಾಗಿ ದಿಕ್ಸೂಚಿ ನೋಡುವುದಕ್ಕಿಂತ ನೆಲ ನೋಡಿ: ಬಿಸಿಲಿನ ತುಂಡು ನೆಲದ ಮೇಲೆ ಬೀಳದ ಹೊತ್ತು ಯಾವುದೋ ಅದೇ ಒಳ್ಳೆಯ ಹೊತ್ತು. ಮೋಡ ಕವಿದ ಮಳೆಗಾಲದ ಹಗಲಂತೂ ಇಡೀ ಆಕಾಶವೇ ಸಾಫ್ಟ್‌ಬಾಕ್ಸ್, ಅಂದರೆ ದೀಪದ ಮುಂದೆ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಮೆದುವಾಗಿಸುವ ಸ್ಟುಡಿಯೊ ಪೆಟ್ಟಿಗೆ.

ನೆಲದ ಬಣ್ಣವನ್ನೂ ಗಮನಿಸಿ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಕಿಟಕಿಯ ಬೆಳಕನ್ನು ಕೆಂಪಾಗಿಸಿ ಗದ್ದದ ಕೆಳಗೆ, ಮೂಗಿನ ಹೊಳ್ಳೆಯ ಕೆಳಗೆ ಎರಚುತ್ತದೆ. ತಿಳಿ ಹಸಿರು ಗೋಡೆ, ಕಿಟಕಿಯಾಚೆಯ ಮಾವಿನ ಮರ ಇನ್ನೊಂದು ಕೆನ್ನೆಗೆ ಹಸಿರು ಬಳಿಯುತ್ತವೆ. ಕಾಲ ಬಳಿ ಬಿಳಿ ಬೆಡ್‌ಶೀಟ್ ಹಾಸಿದರೆ ಮೊದಲನೆಯದು ಮಾಯ. ಎರಡನೆಯದಕ್ಕೆ ಥರ್ಮೋಕೋಲ್, ಪಂಚೆ ಎರಡೂ ಇವೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಮಾಡುವ ತಪ್ಪು: ಬೆಳಕು ಸಾಲದೆಂದು ಕೋಣೆಯ ದೀಪಗಳನ್ನೂ ಹಚ್ಚುವುದು. ಬೆಳಕಿನ ಬಣ್ಣವನ್ನು ಅಳೆಯುವ ಲೆಕ್ಕದಲ್ಲಿ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಎಲ್‌ಇಡಿ 3000ದ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಒಂದು ಕೆನ್ನೆ ನೀಲಿ, ಇನ್ನೊಂದು ಕಿತ್ತಳೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ, ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ಮಾಡುವ ಹೊಂದಾಣಿಕೆ, ಅಂದರೆ ವೈಟ್ ಬ್ಯಾಲೆನ್ಸ್, ಎರಡು ಕಡೆಗೂ ಒಂದೇ ತಾನೆ. ಮೇಲಾಗಿ ಚಾವಣಿಯ ದೀಪ ಕಣ್ಣಿನ ಗುಳಿಯಲ್ಲಿ ನೆರಳು ತುಂಬಿ, ರಾತ್ರಿ ನಿದ್ದೆಗೆಟ್ಟವರ ಹಾಗೆ ತೋರಿಸುತ್ತದೆ. ಎಲ್ಲ ಸ್ವಿಚ್ ಆರಿಸಿ, ಕಿಟಕಿ ಒಂದನ್ನೇ ನಂಬಿ.

ಕಚೇರಿಯ ದೀಪದಲ್ಲೇ ತೆಗೆಯುವ ಅನಿವಾರ್ಯ ಬಂದರೆ ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಹೊತ್ತಿನ ಬಗ್ಗೆ ಎಚ್ಚರ. ನಮ್ಮ ಕರೆಂಟ್ 50 ಹರ್ಟ್ಜ್. ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50 ಸೆಕೆಂಡ್ ಇದ್ದರೆ ಮಿನುಗಿನ ಪೂರ್ತಿ ಸುತ್ತು ಒಳಗೆ ಬರುತ್ತದೆ. 1/250 ಇಟ್ಟರೆ ಒಂದು ಫೋಟೊ ಕಪ್ಪು, ಇನ್ನೊಂದು ಹಳದಿ, ಮತ್ತೊಂದರಲ್ಲಿ ಅಡ್ಡ ಪಟ್ಟೆ. ಕ್ಯಾಮೆರಾ ಅಮೆರಿಕದಿಂದ ತಂದದ್ದಾದರೆ ಮೆನುವಿನಲ್ಲಿ 60 ಹರ್ಟ್ಜ್ ಇರುತ್ತದೆಯೇ ನೋಡಿ, 50ಕ್ಕೆ ಬದಲಿಸಿ.

ಬೆಳಕು ಸರಿಯಾಗಿ ಕೂತಿದೆಯೇ ಎಂದು ತಿಳಿಯುವ ಉಪಾಯ ಸುಲಭ. ತೆಗೆದ ಫೋಟೊದಲ್ಲಿ ಕಣ್ಣನ್ನು ಹಿಗ್ಗಿಸಿ ನೋಡಿ. ಕಪ್ಪು ಗುಡ್ಡೆಯ ಮೇಲೆ, ಗಡಿಯಾರದ ಹತ್ತು ಅಥವಾ ಎರಡು ಗಂಟೆಯ ಜಾಗದಲ್ಲಿ, ಕಿಟಕಿಯ ಪುಟ್ಟ ಬಿಂಬ ಹೊಳೆಯುತ್ತಿರಬೇಕು. ಆ ಹೊಳಪು ಇಲ್ಲದ ಕಣ್ಣು ಎಷ್ಟೇ ನಕ್ಕರೂ ಮಂಕು.

ಸ್ಟುಡಿಯೊದಲ್ಲಿ ಬದಲಾಗುವುದೇನು

ತತ್ವ ಬದಲಾಗುವುದಿಲ್ಲ, ಕಿಟಕಿಯ ಜಾಗಕ್ಕೆ 120 ಸೆಂ.ಮೀ. ಸಾಫ್ಟ್‌ಬಾಕ್ಸ್ ಬರುತ್ತದೆ, ಅಷ್ಟೆ. ಮುಖದಿಂದ ಮೂರರಿಂದ ನಾಲ್ಕು ಅಡಿ, 45 ಡಿಗ್ರಿ ಓರೆಗೆ, ಕಣ್ಣಿಗಿಂತ ತುಸು ಎತ್ತರದಲ್ಲಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಈ ನಿಯಮವನ್ನು ಬಲ್ಲವರು ಹಿನ್ನೆಲೆಯನ್ನು ದೀಪವಿಲ್ಲದೆಯೇ ಹೊಂದಿಸುತ್ತಾರೆ: ವ್ಯಕ್ತಿಯನ್ನು ಗೋಡೆಯಿಂದ ಐದಾರು ಅಡಿ ಮುಂದೆ ನಿಲ್ಲಿಸಿ ದೀಪವನ್ನು ಹತ್ತಿರ ತಂದರೆ ಬಿಳಿ ಗೋಡೆಯೂ ಹಿತವಾದ ಬೂದು ಬಣ್ಣಕ್ಕೆ ತಿರುಗುತ್ತದೆ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಕಿವಿಯ ಹಿಂದೆ ಕಪ್ಪು ನೆರಳು ಅಂಟಿಕೊಂಡು, ಪಾಸ್‌ಪೋರ್ಟ್ ಫೋಟೊ ಆಗಿಬಿಡುತ್ತದೆ.

ನಮ್ಮ ತಲೆಗೂದಲು ಬಹುಪಾಲು ಕಪ್ಪು. ಕಪ್ಪು ಅಥವಾ ಕಡು ಬೂದು ಹಿನ್ನೆಲೆ ಹಾಕಿದರೆ ಕೂದಲು ಹಿನ್ನೆಲೆಯಲ್ಲಿ ಕರಗಿ, ಉಗುರಿನಷ್ಟು ಗಾತ್ರದಲ್ಲಿ ಬರೀ ಮುಖ ತೇಲುತ್ತದೆ. ಹಿಂದಿನಿಂದ ಕೂದಲಿನ ಅಂಚಿಗೆ ಇನ್ನೊಂದು ಚಿಕ್ಕ ದೀಪ ಕೊಡಿ, ಇಲ್ಲವೇ ಮಧ್ಯಮ ಬೂದು, ತಿಳಿ ನೀಲಿ ಹಿನ್ನೆಲೆ ಆರಿಸಿ.

ಫ್ಲ್ಯಾಶ್‌ನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 100, ಶಟರ್ 1/160, ಅಪರ್ಚರ್ (ಲೆನ್ಸ್‌ನ ಕಂಡಿ, ಅಂಕಿ ಚಿಕ್ಕದಾದಷ್ಟೂ ಅಗಲ) ಎಫ್/5.6 ಒಳ್ಳೆಯ ಆರಂಭ. ಹಿನ್ನೆಲೆ ಮಸುಕಾಗಲಿ ಎಂಬ ಆಸೆಗೆ ಎಫ್/1.8 ಇಡುವವರಿದ್ದಾರೆ. 85 ಮಿ.ಮೀ. ಲೆನ್ಸ್, ಐದು ಅಡಿ ದೂರದಲ್ಲಿ ಎಫ್/1.8ರಲ್ಲಿ ಸ್ಪಷ್ಟವಾಗಿ ಉಳಿಯುವ ಆಳ ಬರೀ ಮೂರೂವರೆ ಸೆಂ.ಮೀ. ಮುಖ ಸ್ವಲ್ಪ ತಿರುಗಿದರೂ ಒಂದು ಕಣ್ಣು ಚೂಪು, ಇನ್ನೊಂದು ಮಸುಕು. ಎಫ್/5.6ರಲ್ಲಿ ಆ ಆಳ ಹತ್ತು ಸೆಂ.ಮೀ. ದಾಟುತ್ತದೆ, ಕಣ್ಣಿನಿಂದ ಕಿವಿಯವರೆಗೆ ಸಾಕು. ಫೋಕಸ್ ಯಾವಾಗಲೂ ಕ್ಯಾಮೆರಾಗೆ ಹತ್ತಿರದ ಕಣ್ಣಿನ ಮೇಲೆ. ಫೋನ್‌ನ ಪೋರ್ಟ್ರೇಟ್ ಮೋಡ್ ಇದೇ ಮಸುಕನ್ನು ಲೆಕ್ಕ ಹಾಕಿ ಬಳಿಯುತ್ತದೆ. ಜುಮುಕಿಯ ತೂತು, ಕನ್ನಡಕದ ಕಾಲು, ಗುಂಗುರು ಕೂದಲಿನ ಅಂಚಿನಲ್ಲಿ ಅದು ಎಡವುತ್ತದೆ. ಬಳಸಿದರೆ ಮಸುಕಿನ ಪ್ರಮಾಣ ಅರ್ಧಕ್ಕೆ ಇಳಿಸಿ, ಆ ಮೂರು ಜಾಗ ಹಿಗ್ಗಿಸಿ ನೋಡಿ.

ಮೈಬಣ್ಣ

ಇದನ್ನು ಬಿಡಿಸಿ ಹೇಳಲೇಬೇಕು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಎದುರಿಗಿರುವುದೆಲ್ಲ ಸರಾಸರಿಯಲ್ಲಿ ಮಧ್ಯಮ ಬೂದು ಎಂದು ನಂಬಿ ಲೆಕ್ಕ ಹಾಕುತ್ತದೆ. ಬಿಳಿ ಗೋಡೆ, ಬಿಳಿ ಶರ್ಟ್, ನಡುವೆ ಕಂದು ಮುಖ: ಮೀಟರ್ ಬಿಳಿಯನ್ನು ಕಂಡು ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ, ಮುಖ ಕಪ್ಪಿಡುತ್ತದೆ. ಆಮೇಲೆ ಫೋಟೊಶಾಪ್‌ನಲ್ಲಿ ಎತ್ತಿದರೆ ಚರ್ಮ ಬೂದಿ ಬಳಿದಂತೆ ನಿಸ್ತೇಜವಾಗುತ್ತದೆ, ನೆರಳಿನಲ್ಲಿ ಮರಳು ಮರಳಾದ ಚುಕ್ಕೆ ಏಳುತ್ತವೆ. ತಪ್ಪು ಮೈಬಣ್ಣದ್ದಲ್ಲ, ಎಕ್ಸ್‌ಪೋಶರ್‌ನದು, ಅಂದರೆ ಕ್ಯಾಮೆರಾ ತೆಗೆದುಕೊಂಡ ಬೆಳಕಿನ ಪ್ರಮಾಣದ್ದು. ಬಿಳಿ ಹಿನ್ನೆಲೆ ಇದ್ದಾಗ ಎಕ್ಸ್‌ಪೋಶರ್ ಅನ್ನು ಮುಕ್ಕಾಲರಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಏರಿದರೆ ಬೆಳಕು ಎರಡು ಪಟ್ಟು) ಏರಿಸಿ. ಕಪ್ಪು ಹಿನ್ನೆಲೆಗೆ ಇದರ ತಿರುವು ಮುರುವು, ಅಷ್ಟೇ ಇಳಿಸಿ. ಫೋನ್‌ನಲ್ಲಿ ಮುಖದ ಮೇಲೆ ಬೆರಳೊತ್ತಿ ಹಿಡಿದು ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಮೇಲೆ ಕೆಳಗೆ ಸರಿಸಿ, ಕೆನ್ನೆಯ ಬಣ್ಣ ಕಣ್ಣಿಗೆ ಕಂಡಂತೆ ಬಂದಾಗ ನಿಲ್ಲಿಸಿ.

ಈ ಸಮಸ್ಯೆಗೆ ಇತಿಹಾಸವೂ ಇದೆ. ಕೊಡಾಕ್ ಕಂಪನಿ ಫೋಟೊ ಲ್ಯಾಬ್‌ಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ ಕಾರ್ಡ್‌ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಬಣ್ಣದ ಹೆಣ್ಣುಮಗಳ ಚಿತ್ರ. ಮೊದಲ ಮಾಡೆಲ್‌ನ ಹೆಸರಿನಿಂದ ಅವುಗಳಿಗೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಬೇರೆ ಮೈಬಣ್ಣದವರೂ ಇರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ. ಅಷ್ಟು ಕಾಲ ಜಗತ್ತಿನ ಲ್ಯಾಬ್‌ಗಳಿಗೆ ಸರಿಯಾದ ಚರ್ಮ ಎಂದರೆ ಅದೊಂದೇ ಆಗಿತ್ತು.

ಇಂದು ಯಂತ್ರಗಳು ಸುಧಾರಿಸಿವೆ, ಆದರೆ "ಸ್ವಲ್ಪ ಬೆಳ್ಳಗೆ ಮಾಡಿಕೊಡಿ" ಎಂಬ ಮಾತು ನಿಂತಿಲ್ಲ. ಕೇಳದಿದ್ದರೂ ಮಾಡಿಕೊಡುವ ಸ್ಟುಡಿಯೊಗಳಿವೆ, ಕೇಳದಿದ್ದರೂ ಆನ್ ಆಗಿರುವ ಬ್ಯೂಟಿ ಮೋಡ್ ಫೋನ್‌ಗಳಲ್ಲಿದೆ. ಮೊದಲು ಅದನ್ನು ಸೊನ್ನೆಗೆ ಇಳಿಸಿ. ಸ್ಟುಡಿಯೊದಲ್ಲಿ "ಬಣ್ಣ ಬದಲಿಸಬೇಡಿ" ಎಂದು ಮೊದಲೇ ಬಾಯಿಬಿಟ್ಟು ಹೇಳಿ. ಎರಡು ಛಾಯೆ ಬೆಳ್ಳಗಾದ ಫೋಟೊ ಬಾಗಿಲಲ್ಲಿ ಗುರುತು ಹಿಡಿಯುವ ಪರೀಕ್ಷೆಯಲ್ಲಿ ಸೋಲುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಗಾಢ ಮೈಬಣ್ಣ ದೊಡ್ಡ ಮೆದು ಬೆಳಕಿನಲ್ಲಿ ಅದ್ಭುತವಾಗಿ ಮೂಡುತ್ತದೆ. ಕೆನ್ನೆಯ ಎಲುಬು, ಹಣೆ, ಮೂಗಿನ ಏಣಿನ ಮೇಲೆ ಕೂರುವ ಮೃದು ಹೊಳಪಿನಿಂದ ಮುಖದ ಆಕಾರ ಶಿಲ್ಪದ ಹಾಗೆ ಕಾಣುತ್ತದೆ. ಬೆಳ್ಳಗೆ ಮಾಡಿದ ಕೂಡಲೇ ಮೊದಲು ಸಾಯುವುದು ಆ ಹೊಳಪು.

ಬಟ್ಟೆ, ಕನ್ನಡಕ, ಕುಂಕುಮ

ಕೆಲಸಕ್ಕೆ ಹೋಗುವಾಗ ನೀವು ನಿಜವಾಗಿ ಹಾಕುವುದನ್ನೇ ಹಾಕಿ, ಅದರಲ್ಲಿ ಒಳ್ಳೆಯದನ್ನು. ಕುಂಕುಮ, ವಿಭೂತಿ, ನಾಮ, ಹಿಜಾಬ್, ಪೇಟ, ಯಾವುದು ದಿನವೂ ಇರುತ್ತದೋ ಅದು ಫೋಟೊದಲ್ಲೂ ಇರಲಿ. ಕಲ್ಲಿನ ಸ್ಟಿಕ್ಕರ್ ಬಿಂದಿ ಫ್ಲ್ಯಾಶ್‌ಗೆ ಬಿಳಿ ಚುಕ್ಕೆಯಾಗುತ್ತದೆ, ಸಾದಾ ಬಿಂದಿ ಸಾಕು. ರೇಷ್ಮೆಯ ಜರಿ ಅಂಚು ದೀಪಕ್ಕೆ ಕನ್ನಡಿಯಾಗುತ್ತದೆ, ಹೆಗಲನ್ನು ಹತ್ತು ಡಿಗ್ರಿ ತಿರುಗಿಸಿದರೆ ಹೊಳಪು ಬೇರೆಡೆಗೆ ಹೋಗುತ್ತದೆ. ಸಣ್ಣ ಚೌಕುಳಿ, ತೆಳು ಗೆರೆಗಳ ಬಟ್ಟೆ ಬೇಡ. ಗೆರೆಗಳ ಜಾಲವೂ ಸೆನ್ಸರ್‌ನ ಪಿಕ್ಸೆಲ್ ಜಾಲವೂ ಒಂದರ ಮೇಲೊಂದು ಬಿದ್ದು, ಇಲ್ಲದ ಅಲೆಗಳು ಮೂಡುತ್ತವೆ, ಫೋಟೊ ಚಿಕ್ಕದಾದಷ್ಟೂ ಕುಣಿಯುತ್ತವೆ.

ಫೋಟೊದ ದಿನ ತಲೆಗೆ ಎಣ್ಣೆ ಬೇಡ. ಹಣೆ, ಮೂಗನ್ನು ಟಿಶ್ಯೂನಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ, ಚರ್ಮ ಕೆಂಪಾಗುತ್ತದೆ. ಜಿಂಕ್ ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನ್ ಫ್ಲ್ಯಾಶ್‌ನಲ್ಲಿ ಮುಖಕ್ಕೆ ಸುಣ್ಣ ಬಳಿದಂತೆ ಕಾಣಬಹುದು. ಕಿಟಕಿಯ ಬೆಳಕಿನಲ್ಲಿ ಆ ತೊಂದರೆ ಕಡಿಮೆ.

ಕನ್ನಡಕ ದಿನವೂ ಹಾಕುವವರು ತೆಗೆಯಬೇಡಿ. ಗಾಜಿನಲ್ಲಿ ದೀಪದ ಬಿಂಬ ಕಂಡರೆ ದೀಪವನ್ನು ಅರ್ಧ ಅಡಿ ಮೇಲೇರಿಸಿ, ಕನ್ನಡಕದ ಕಾಲುಗಳನ್ನು ಕಿವಿಯಿಂದ ಒಂದು ಕಡಲೆಕಾಳಿನಷ್ಟು ಎತ್ತಿ. ಗಾಜು ತುಸು ಕೆಳಮುಖವಾಗಿ ಬಿಂಬ ನೆಲದ ಕಡೆಗೆ ಜಾರುತ್ತದೆ. ಬಿಸಿಲಿಗೆ ಕಪ್ಪಾಗುವ ಗಾಜಾದರೆ ತೆರೆದ ಕಿಟಕಿಯ ಬಳಿ ಅರೆಗಪ್ಪಾಗುತ್ತದೆ. ಅಂಥವರು ಅಲ್ಲಿಯವರೆಗೆ ಕನ್ನಡಕವನ್ನು ಪೆಟ್ಟಿಗೆಯಲ್ಲಿಟ್ಟು, ತೆಗೆಯುವ ಹೊತ್ತಿಗೆ ಹಾಕಿಕೊಳ್ಳಿ.

ನಗು ಬರಿಸುವುದು ಹೇಗೆ

ಮೈ ಒಂದು ಪಕ್ಕಕ್ಕೆ ಸುಮಾರು 30 ಡಿಗ್ರಿ ತಿರುಗಿರಲಿ, ಮುಖ ಕ್ಯಾಮೆರಾ ಕಡೆಗೆ ಬರಲಿ. ಹಾಗೆ ಮಾಡಿದರೆ ಭುಜ ಗೋಡೆಯಂತೆ ಅಡ್ಡ ಕಾಣುವುದಿಲ್ಲ. ಆಮೇಲೆ ಆಮೆ ಚಿಪ್ಪಿನಿಂದ ಕತ್ತು ಚಾಚುವ ಹಾಗೆ ಹಣೆಯನ್ನು ಒಂದೆರಡು ಅಂಗುಲ ಮುಂದಕ್ಕೆ ತಂದು, ಗದ್ದ ತುಸು ಇಳಿಸಿ. ಮಾಡುವವರಿಗೆ ವಿಚಿತ್ರ ಅನ್ನಿಸುತ್ತದೆ. ಎದುರಿನಿಂದ ನೋಡಿದರೆ ಗದ್ದದ ಕೆಳಗಿನ ಮಡಿಕೆ ಮಾಯವಾಗಿ ದವಡೆಯ ಗೆರೆ ಸ್ಪಷ್ಟವಾಗುತ್ತದೆ. ಜನ ತಾವಾಗಿಯೇ ಮಾಡುವುದು ಇದರ ವಿರುದ್ಧ: ಕ್ಯಾಮೆರಾ ಕಂಡೊಡನೆ ಕತ್ತು ಹಿಂದಕ್ಕೆಳೆದು ಗದ್ದ ಎತ್ತುತ್ತಾರೆ.

ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲೇ ತೋರಿಸಿಕೊಟ್ಟ ಹಾಗೆ, ತುಟಿಯ ಕೊನೆಯನ್ನು ಮೇಲೆಳೆಯುವ ಸ್ನಾಯು ನಮ್ಮ ಮಾತು ಕೇಳುತ್ತದೆ, ಕಣ್ಣಿನ ಸುತ್ತಲಿನ ಸ್ನಾಯು ಹೆಚ್ಚಾಗಿ ಮನಸ್ಸು ನಕ್ಕಾಗಲೇ ಚೆನ್ನಾಗಿ ಕದಲುತ್ತದೆ. "ಸ್ಮೈಲ್ ಪ್ಲೀಸ್" ಎಂದಾಗ ಹಲ್ಲು ಮಾತ್ರ ಬರುವುದು ಅದಕ್ಕೆ. ಕಣ್ಣು ಮುಚ್ಚಿಸಿ, ಒಂದು, ಎರಡು, ಮೂರು ಎಂದು ಎಣಿಸಿ, ತೆರೆದ ಕ್ಷಣ ಕ್ಲಿಕ್ ಮಾಡಿ. ಇಲ್ಲವೇ ತಿಂಡಿಗೆ ಏನು ತಿಂದಿರಿ, ಮಗು ಯಾವ ಶಾಲೆ ಎಂದು ಮಾತಿಗೆಳೆಯಿರಿ. ಉತ್ತರ ಮುಗಿದು ತುಟಿ ಸೇರುವ ಆ ಅರೆಗಳಿಗೆಯಲ್ಲಿ ಮುಖ ತನ್ನ ಸಹಜ ರೂಪಕ್ಕೆ ಬಂದಿರುತ್ತದೆ. ಐವತ್ತು ಫೋಟೊ ತೆಗೆಯಿರಿ, ಮೊದಲ ಹತ್ತಿಪ್ಪತ್ತು ಮೈ ಸಡಿಲವಾಗುವುದಕ್ಕೇ ಹೋಗುತ್ತವೆ. ವಕೀಲರಿಗೆ, ವೈದ್ಯರಿಗೆ ಹಲ್ಲು ಕಾಣದ ಮುಗುಳ್ನಗೆ ಹೊಂದಬಹುದು, ಆದರೆ ಕಣ್ಣು ಯಾರಿಗೂ ಮುಚ್ಚಿದ ಬಾಗಿಲಿನಂತಿರಬಾರದು.

ಕತ್ತರಿಸುವುದು, ಕಳಿಸುವುದು, ತಿದ್ದುವುದು

ಚೌಕದೊಳಗೆ ವೃತ್ತ ಕೂರಿಸಿದರೆ ಉಳಿಯುವುದು ಶೇ. 78ರಷ್ಟು ಜಾಗ, ನಾಲ್ಕು ಮೂಲೆ ಸೇರಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಗೆ ಹೋಗುತ್ತದೆ. ಆದ್ದರಿಂದ ಮುಖ ನಡುವಿನಲ್ಲಿರಲಿ, ಚೌಕಟ್ಟಿನ ಎತ್ತರದ ಶೇ. 60ರಷ್ಟನ್ನು ತುಂಬಲಿ, ನೆತ್ತಿಯ ಮೇಲೆ ಒಂದಿಷ್ಟು ಗಾಳಿ ಇರಲಿ. ಸೊಂಟದವರೆಗಿನ ಫೋಟೊ ಹಾಕಿದರೆ ಉಗುರಿನಷ್ಟು ಜಾಗದಲ್ಲಿ ಮುಖ ಸಾಸಿವೆಯಾಗುತ್ತದೆ. 1200 ಪಿಕ್ಸೆಲ್ ಚೌಕದ ಒಂದು ಪ್ರತಿ ಮಾಡಿಟ್ಟುಕೊಳ್ಳಿ, ಎಲ್ಲ ಕಡೆಗೂ ಅದು ಸಾಕು. ಜೆಪೆಗ್ ಗುಣಮಟ್ಟ 85, ಬಣ್ಣದ ಪ್ರೊಫೈಲ್ (ಬಣ್ಣಗಳನ್ನು ಹೇಗೆ ಓದಬೇಕೆಂದು ಪರದೆಗೆ ಹೇಳುವ ಗುರುತು) ಎಸ್‌ಆರ್‌ಜಿಬಿ. ಸ್ಟುಡಿಯೊದವರು ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಪ್ರೊಫೈಲ್‌ನಲ್ಲೇ ಕೊಟ್ಟರೆ ಕೆಲವು ಪರದೆಗಳಲ್ಲಿ ಚರ್ಮ ರಕ್ತಹೀನವಾಗಿ ಕಾಣುತ್ತದೆ.

ಸ್ಟುಡಿಯೊದಿಂದ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುವುದಾದರೆ ಫೋಟೊ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೊ ಆಗಿ ಬಂದರೆ ದಾರಿಯಲ್ಲೇ ಕುಗ್ಗಿ ಬರುತ್ತದೆ, ಅದನ್ನು ಮತ್ತೆ ಲಿಂಕ್ಡ್‌ಇನ್‌ಗೆ ಹಾಕಿದಾಗ ಇನ್ನೊಮ್ಮೆ ಕುಗ್ಗುತ್ತದೆ, ಕೂದಲಿನ ಎಳೆ ಮೇಣದಂತೆ ಅಂಟಿಕೊಳ್ಳುತ್ತದೆ.

ತಿದ್ದುವಾಗ ಹದಿನೈದು ದಿನದ ನಿಯಮ ಪಾಲಿಸಿ. ಹದಿನೈದು ದಿನದಲ್ಲಿ ತಾನಾಗಿ ಹೋಗುವಂಥದ್ದನ್ನು ಅಳಿಸಬಹುದು: ಮೊಡವೆ, ಶೇವಿಂಗ್ ಗಾಯ, ಹಾರಿದ ಕೂದಲೆಳೆ, ಅಂಗಿಯ ದೂಳು. ಮಚ್ಚೆ, ಹಳೆಯ ಗಾಯದ ಗುರುತು, ನಗುವಿನ ಗೆರೆ ಇರಲಿ. ಕಣ್ಣಿನ ಕೆಳಗಿನ ಕಪ್ಪನ್ನು ಅರ್ಧ ತಿಳಿ ಮಾಡಿ, ಪೂರ್ತಿ ಅಳಿಸಿದರೆ ಮುಖ ಗೊಂಬೆಯದು. ಸೆಲ್ಫಿ ಕೊಟ್ಟರೆ ಕೋಟು ತೊಡಿಸಿಕೊಡುವ ಎಐ ಆ್ಯಪ್‌ಗಳ ಫಲಿತಾಂಶವನ್ನು ಮನೆಯವರಿಗೆ ತೋರಿಸಿ ನೋಡಿ. ಅವರು ಮೊದಲು ಹೇಳುವುದು "ನಿನ್ನ ಹಾಗೇ ಇದೆ, ಆದರೆ ನೀನಲ್ಲ" ಎಂದು. ಹಲ್ಲಿನ ಸಾಲು, ಹುಬ್ಬಿನ ಓರೆ, ಮೈಬಣ್ಣ ಇವನ್ನು ಆ ಆ್ಯಪ್‌ಗಳು ಸರಾಸರಿಗೆ ತಳ್ಳುತ್ತವೆ, ಗುರುತು ಹಿಡಿಯುವುದು ಅವುಗಳಿಂದಲೇ.

ಹಣ ಕೊಟ್ಟು ತೆಗೆಸಿದ ಮೇಲೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದ್ದು. ನೀವು ಸಹಿ ಹಾಕುವ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೇರೇನಾದರೂ ಇದೆಯೇ ಓದಿ. ಕಂಪನಿ ಹಣ ಕೊಟ್ಟು ನಿಮ್ಮ ಫೋಟೊ ತೆಗೆಸಿದ್ದರೆ ಹಕ್ಕು ಕಂಪನಿಯದು. ಕೆಲಸ ಬಿಟ್ಟ ಮೇಲೂ ಅದನ್ನೇ ಬಳಸುವ ಆಸೆಯಿದ್ದರೆ ಬಿಡುವ ಮೊದಲು ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ.

ಕಂಪನಿಯವರು ನಲವತ್ತು ಜನರ ಫೋಟೊ ಒಂದೇ ದಿನ ತೆಗೆಸುವಾಗ ತಲೆಗೆ ಎಂಟು ನಿಮಿಷ ಹಿಡಿದರೂ ಐದು ಗಂಟೆ ಇಪ್ಪತ್ತು ನಿಮಿಷ ಬೇಕು. ಊಟಕ್ಕೆ ಮೊದಲು ಇಪ್ಪತ್ತೆರಡು, ನಂತರ ಹದಿನೆಂಟು ಎಂದು ಪಟ್ಟಿ ಮಾಡಿ. ನಿಲ್ಲುವ ಜಾಗ, ದೀಪದ ಸ್ಟ್ಯಾಂಡ್, ಟ್ರೈಪಾಡ್ ಮೂರಕ್ಕೂ ನೆಲದ ಮೇಲೆ ಟೇಪ್ ಅಂಟಿಸಿ. ಎತ್ತರದಲ್ಲಿ ವ್ಯತ್ಯಾಸ ಇರುವುದರಿಂದ ಕ್ಯಾಮೆರಾವನ್ನು ಪ್ರತಿಯೊಬ್ಬರ ಕಣ್ಣಿನ ಮಟ್ಟಕ್ಕೆ ಏರಿಸಿ ಇಳಿಸಿ, ದೀಪವನ್ನೂ ಅಷ್ಟೇ. ಇಲ್ಲದಿದ್ದರೆ ಎತ್ತರದವರೆಲ್ಲ ಕೆಳಗೆ ನೋಡುತ್ತಿರುತ್ತಾರೆ, ಗಿಡ್ಡ ಇರುವವರೆಲ್ಲ ಮೇಲೆ. ಟೇಪ್ ಕೀಳುವ ಮೊದಲು ಅಳತೆಗಳನ್ನು ಒಂದು ಕಾರ್ಡಿನಲ್ಲಿ ಬರೆಯಿರಿ: ಗೋಡೆಯಿಂದ ವ್ಯಕ್ತಿಗೆ ಎಷ್ಟು ಅಡಿ, ವ್ಯಕ್ತಿಯಿಂದ ದೀಪಕ್ಕೆ, ಕ್ಯಾಮೆರಾಗೆ ಎಷ್ಟು, ದೀಪದ ಪವರ್, ಲೆನ್ಸ್, ಐಎಸ್‌ಒ, ಶಟರ್, ಅಪರ್ಚರ್. ಇಡೀ ಜೋಡಣೆಯನ್ನು ದೂರದಿಂದ ಫೋನ್‌ನಲ್ಲಿ ಒಂದು ಫೋಟೊ ತೆಗೆದು ಅದರ ಜೊತೆ ಇಡಿ. ಮೂರು ತಿಂಗಳು ಬಿಟ್ಟು ಸೇರುವ ನಲವತ್ತೊಂದನೆಯವರ ಮುಖವೂ ವೆಬ್‌ಸೈಟ್‌ನಲ್ಲಿ ಉಳಿದವರ ಸಾಲಿನಲ್ಲೇ, ಅದೇ ಬೆಳಕಿನಲ್ಲೇ ಕೂರುತ್ತದೆ.